ಕುಟ್ಟಾಣಿಯೊಳಗಿನ ಅರಿಶಿನ

ಗುರುಗಳಾದ ಮೇಷ್ಟ್ರಿಗೆ, ನಿಮ್ಮ ಶಿಷ್ಯೆ ಚಿಕ್ಕತಾಯಿಯ ನಮಸ್ಕಾರಗಳು.

ನಾವಿಲ್ಲಿ ಕ್ಷೇಮ, ನಿಮ್ಮ ಕ್ಷೇಮಕ್ಕೆ ಕಾಗದ ಬರೆಯಿರಿ ಎಂದು ಬರೆಯಬೇಕಾದ ಜಾಗ ಇದು. ನೀವು ತೀರಿಕೊಂಡು ಎರಡು ವರ್ಷವಾದ ಮೇಲೆ ಹಾಗೆ ಬರೆದರೆ ನೀವೇ ನಗುತ್ತೀರಿ. ಆದರೂ ಬರೆಯುತ್ತಿದ್ದೇನೆ, ಮಳವಳ್ಳಿಯ ನಮ್ಮ ರೇಷ್ಮೆ ಮೊಟ್ಟೆಮನೆಯಲ್ಲೇ ಕೂತು. ನನ್ನದು ನಾಲ್ಕನೇ ಕ್ಲಾಸಿನ ಅಕ್ಷರ, ತಪ್ಪಿದ್ದ ಕಡೆ ತಿದ್ದಿಕೊಂಡು ಓದಿ. ನಿಮಗೆ ಹೇಳಬೇಕಾದ ಒಂದು ಮಾತು ನನ್ನ ಹತ್ತಿರ ಉಳಿದುಹೋಗಿತ್ತು. ಅದನ್ನು ಹೋದ ವಾರ ಹತ್ತಾರು ಊರಿನ ರೈತರ ಮುಂದೆ ಹೇಳಿಬಿಟ್ಟೆ. ನಿಮಗೆ ಹೇಳದೆ ಊರಿಗೆಲ್ಲ ಹೇಳಿದೆನಲ್ಲ ಎಂದು ಮನಸ್ಸಿಗೆ ಸಮಾಧಾನವಿಲ್ಲ.

ನೀವು ರೇಷ್ಮೆ ಇಲಾಖೆಯಿಂದ ಮೊದಲ ಸಲ ನಮ್ಮ ಹಟ್ಟಿಗೆ ಬಂದ ದಿನ ನೆನಪಿದೆಯೇ? ನಮ್ಮಣ್ಣ ಬೋರಣ್ಣನ ರೇಷ್ಮೆಹುಳು ಮೂರನೇ ಸಲ ಕೆಟ್ಟಿದ್ದವು. ಹುಳು ಪೊರೆ ಬಿಡುವುದಕ್ಕೆ ನಾವು ಜ್ವರ ಅನ್ನುತ್ತೇವಲ್ಲ, ಆ ಮೂರನೇ ಜ್ವರ ಎದ್ದ ಮೇಲೆ ಒಂದು ದೊಡ್ಡದು, ಒಂದು ಸಣ್ಣದು, ಮೈಮೇಲೆಲ್ಲ ಮೆಣಸಿನ ಪುಡಿ ಎರಚಿದ ಹಾಗೆ ಚುಕ್ಕೆ. ಮನೆಯವರೆಲ್ಲ ಸೇರಿ ತಪ್ಪು ಹೊರಿಸಲು ಒಬ್ಬರನ್ನು ಹುಡುಕಿ ಇಟ್ಟುಕೊಂಡಿದ್ದರು, ಅದು ನಾನು. ಗಂಡನ ಮುಖ ಸರಿಯಾಗಿ ಗುರುತಾಗುವ ಮೊದಲೇ ಅವನು ತೀರಿಹೋಗಿ, ಹದಿನಾಲ್ಕಕ್ಕೆ ತವರಿಗೆ ವಾಪಸು ಬಂದವಳು. ಹುಳುಮನೆಯ ಹೊಸಿಲು ದಾಟಬಾರದು, ಹುಳು ಸಾಕುವ ತಟ್ಟೆಯ ಕಡೆ ನೋಡಬಾರದು. ಗದ್ದೆಯಿಂದ ಹಿಪ್ಪುನೇರಳೆ ಸೊಪ್ಪಿನ ಹೊರೆ ಹೊತ್ತು ತಂದು ಬಾಗಿಲಾಚೆ ಇಳಿಸುವುದು ಮಾತ್ರ ನನ್ನ ಕೆಲಸ. ನಾನು ಹೊತ್ತ ಸೊಪ್ಪು ಹುಳುವಿಗೆ ಆಗುತ್ತಿತ್ತು, ನಾನು ಆಗುತ್ತಿರಲಿಲ್ಲ. ಇದು ಯಾವ ಲೆಕ್ಕ ಎಂದು ಒಂದು ದಿನ ಕೇಳಿ ಅತ್ತಿಗೆಯ ಕೈಲಿ ಬಯ್ಗುಳ ತಿಂದಿದ್ದೆ.

ಅವತ್ತು ನೀವು ನಾಲ್ಕು ಹುಳು ಆರಿಸಿ, ಅರೆದು, ಒಂದು ಹನಿಯನ್ನು ಗಾಜಿನ ಮೇಲಿಟ್ಟು, ಸಣ್ಣದನ್ನು ದೊಡ್ಡದು ಮಾಡಿ ತೋರಿಸುವ ಹಿತ್ತಾಳೆಯ ದುರ್ಬೀನನ್ನು ಅಂಗಳದ ಬಿಸಿಲಿನಲ್ಲಿ ನಿಲ್ಲಿಸಿದಿರಿ. ಅಣ್ಣ ನೋಡಿ ಏನೂ ಕಾಣಲಿಲ್ಲ ಎಂದ. ಅವನು ಮುಚ್ಚಬೇಕಾದ ಕಣ್ಣು ಬಿಟ್ಟು ಇನ್ನೊಂದನ್ನು ಮುಚ್ಚಿಕೊಂಡಿದ್ದ. ಊರ ಗಂಡಸರೆಲ್ಲ ಸಾಲಾಗಿ ನೋಡಿ ತಲೆ ಕೊಡವಿಕೊಂಡು ಹೋದರು. ಹಿಂದೆ ನಿಂತಿದ್ದ ನನ್ನನ್ನು ನೀವು ಕರೆದಾಗ, ಅಣ್ಣ ಅಡ್ಡ ಬಂದು ಹೇಳಿದ್ದು ನನಗೆ ಈಗಲೂ ಕಿವಿಯಲ್ಲಿದೆ: "ಅವ್ಳು ಬ್ಯಾಡಿ ಸ್ವಾಮಿ. ಅವ್ಳು ಅಟ್ಟಿಗೆ ಬಂದ್ಮ್ಯಾಕೇ ನಮ್ಗೆ ಉಳ ನಿಂತಿಲ್ಲ."

ನೀವು ಅವನನ್ನು ಪಕ್ಕಕ್ಕೆ ಸರಿಸಿದಿರಿ. ನನ್ನ ಕಡೆ ತಿರುಗಿ, ನೋಡವ್ವ ಎಂದಿರಿ. ನೋಡಿದೆ. ಸಣ್ಣ ಸಣ್ಣ ಅಕ್ಕಿ ನುಚ್ಚಿನ ಹಾಗೆ, ಹೊಳೆಯುವ ಕಾಳು. ಎಷ್ಟಿವೆ ಎಂದು ಕೇಳಿದಿರಿ, ಎಣಿಸಿ ಹೇಳಿದೆ. ಆಮೇಲೆ ನೀವು ಎದ್ದು ನಿಂತು, ಇದು ಗಂಟುರೋಗ, ತಾಯಿಚಿಟ್ಟೆಯ ಹೊಟ್ಟೆಯಿಂದಲೇ ಮೊಟ್ಟೆಗೆ ಬರುತ್ತದೆ, ನೀವು ತಂದ ಮೊಟ್ಟೆಯೇ ಕೆಟ್ಟದ್ದು, ಈ ಮಗು ಹುಟ್ಟದೇ ಇದ್ದಿದ್ದರೂ ನಿಮ್ಮ ಹುಳು ಸಾಯುತ್ತಿದ್ದವು ಎಂದು ಅಷ್ಟು ಜನರ ಎದುರಿಗೆ ಹೇಳಿದಿರಿ. ಮೇಷ್ಟ್ರೇ, ನನ್ನ ಪರವಾಗಿ ಅಲ್ಲಿಯ ತನಕ ಯಾರೂ ಒಂದು ಮಾತು ಆಡಿರಲಿಲ್ಲ. ನೀವು ಆಡಿದ್ದು ಅಯ್ಯೋ ಪಾಪ ಎಂಬ ಮಾತೂ ಅಲ್ಲ, ಕಾರಣ ತೋರಿಸಿದಿರಿ. ಅದಕ್ಕೇ ಅದು ನಿಂತಿತು.

ಮೊಟ್ಟೆಮನೆಗೆ ಕೆಲಸ ಕಲಿಯುವುದಕ್ಕೆ ನನ್ನನ್ನು ಕಳಿಸಿ ಎಂದು ನೀವು ಕೇಳಿದಾಗ ನಮ್ಮ ಮನೆಯಲ್ಲಿ ಎದ್ದ ಗಲಾಟೆ ನಿಮಗೆ ಅರ್ಧ ಮಾತ್ರ ಗೊತ್ತು. ಹರೆಯದ ಮುಂಡೆ ಮಳವಳ್ಳಿಗೆ ಹೋಗಿ ಗಂಡಸರ ಜೊತೆ ಚಿಟ್ಟೆ ಅರೆಯುತ್ತಾಳಂತೆ ಎಂದು ಬೀದಿಯೆಲ್ಲ ಮಾತು. ಅಣ್ಣ ಸುತರಾಂ ಒಪ್ಪಲಿಲ್ಲ. ಆಗ ಅಮ್ಮಾವರು, ನಿಮ್ಮ ಮನೆಯವರು, ತಾವೇ ಎತ್ತಿನ ಗಾಡಿ ಕಟ್ಟಿಸಿಕೊಂಡು ಬಂದು, ನನ್ನ ಅಡುಗೆಮನೆಯ ಪಕ್ಕದ ಕೋಣೆಯಲ್ಲಿ ಮಲಗುತ್ತಾಳೆ, ನನ್ನ ಕಣ್ಣ ಮುಂದೆ ಇರುತ್ತಾಳೆ ಎಂದು ನಮ್ಮವ್ವನ ಕೈ ಹಿಡಿದುಕೊಂಡರು. ಅವ್ವ ಆಗ ಬೇರೆಯವರ ಗದ್ದೆಯಲ್ಲಿ ಕಳೆ ಕಿತ್ತು ನನಗೂ ತನಗೂ ಹಿಟ್ಟು ಹುಟ್ಟಿಸುತ್ತಿದ್ದಳು. ಹೋಗು, ಇಲ್ಲಿದ್ದರೆ ನಾನು ಬಗ್ಗಿದ ಹಾಗೆಯೇ ನೀನೂ ಬಗ್ಗಬೇಕಾಗುತ್ತದೆ ಎಂದಳು. ಅಷ್ಟು ಹೇಳಿ ಒಳಗೆ ಹೋದವಳು ಗಾಡಿ ಹೊರಡುವ ತನಕ ಈಚೆಗೆ ಬರಲಿಲ್ಲ.

ಕೆಲಸ ಕಲಿಸಿದ ಮೊದಲ ತಿಂಗಳು ನೀವು ನಮ್ಮನ್ನು ಗೋಳು ಹುಯ್ದುಕೊಂಡದ್ದು ಮರೆತಿಲ್ಲ. ನಾನು, ಕೊಪ್ಪದ ನಿಂಗ, ಮದ್ದೂರಿನ ಕಡೆಯ ಇನ್ನೊಬ್ಬ ಹುಡುಗ, ಒಟ್ಟು ಮೂವರು. ಒಂದೊಂದು ತಾಯಿಚಿಟ್ಟೆಯಿಂದಲೂ ಕಾಗದದ ಮೇಲೆ ಬೇರೆ ಬೇರೆಯಾಗಿ ಮೊಟ್ಟೆ ಇಡಿಸುವುದು, ಚಿಟ್ಟೆಗೂ ಮೊಟ್ಟೆಗೂ ಒಂದೇ ನಂಬರು ಹಾಕುವುದು, ಆಮೇಲೆ ಆ ಚಿಟ್ಟೆಯನ್ನು ಅಂಗೈಯಗಲದ ಪಿಂಗಾಣಿ ಕುಟ್ಟಾಣಿಯಲ್ಲಿ ಅರೆದು ದುರ್ಬೀನಿನಲ್ಲಿ ನೋಡುವುದು. ರೋಗ ಕಂಡರೆ ಆ ನಂಬರಿನ ಮೊಟ್ಟೆ ಅವತ್ತೇ ಬೆಂಕಿಗೆ. ಇಷ್ಟೇ ಕೆಲಸ. ಆದರೆ ಕುಟ್ಟಾಣಿ ತೊಳೆಯುವುದನ್ನೇ ಹದಿನೈದು ದಿನ ಕಲಿಸಿದಿರಲ್ಲ! ನಶ್ಯವಿಲ್ಲದೆ ಅರ್ಧ ಗಂಟೆ ಇರಲಾರದ ನೀವು, ಒಳಗೆ ಬರುವ ಮುಂಚೆ ಮೂಗು, ಮೀಸೆ, ಕೈ ಎಲ್ಲ ತೊಳೆದುಕೊಂಡು ಬರುತ್ತಿದ್ದಿರಿ. ಒಂದು ದಿನ ಸೀನು ತಡೆಯಲಾರದೆ ಹೊರಗೆ ಓಡುವಾಗ ನಿಮ್ಮ ಪಂಚೆ ಬಾಗಿಲ ಚಿಲಕಕ್ಕೆ ಸಿಕ್ಕಿ, ನಿಂಗ ನಕ್ಕು ನಕ್ಕು ಸ್ಟೂಲಿನಿಂದ ಬಿದ್ದ. ನೀವೂ ನಕ್ಕಿರಿ. ಕಲಿಸುವವರು ನಗಬಹುದು ಎಂದು ನನಗೆ ಗೊತ್ತಾದದ್ದೇ ಅವತ್ತು.

ಮೊದಲ ತಿಂಗಳ ಸಂಬಳ ನನ್ನ ಕೈಗೆ ಕೊಟ್ಟ ದಿನ, ಅದನ್ನು ಅಣ್ಣನ ಕೈಗೆ ಕೊಡಬೇಕೋ ಅವ್ವನ ಕೈಗೋ ಎಂದು ನಿಮ್ಮನ್ನು ಕೇಳಿದ್ದೆ. ದುಡಿದವಳು ನೀನು, ನನ್ನನ್ನು ಯಾಕೆ ಕೇಳುತ್ತೀಯ ಎಂದಿರಿ. ಅವ್ವನಿಗೆ ಒಂದು ಸೀರೆ ತೆಗೆದುಕೊಂಡು ಹೋದೆ. ಅವಳು ಅದನ್ನು ಉಡದೆ ಒಂದು ವರ್ಷ ಪೆಟ್ಟಿಗೆಯಲ್ಲಿಟ್ಟಿದ್ದಳು, ಬಂದವರಿಗೆಲ್ಲ ತೆಗೆದು ತೋರಿಸುವುದಕ್ಕೆ.

ಈಗ ಆ ದಸರೆಗೆ ಬರುತ್ತೇನೆ. ಇಷ್ಟು ಹೊತ್ತು ಸುತ್ತಿ ಬಳಸಿ ಬಂದದ್ದು ನಿಮಗೆ ತಿಳಿದಿರುತ್ತದೆ. ಯುದ್ಧದ ಕಾಲ. ಆಕಾಶದಿಂದ ಸಿಪಾಯಿಗಳು ಇಳಿಯುವ ಕೊಡೆಗೆ ರೇಷ್ಮೆ ಬೇಕಂತೆ ಎಂದು ಗೂಡಿನ ಬೆಲೆ ಏರಿತ್ತು, ಊರೂರಿನವರು ಮೊಟ್ಟೆಗೆ ಮುಗಿಬೀಳುತ್ತಿದ್ದರು. ನಾನು ಹಟ ಹಿಡಿದು ನಮ್ಮಣ್ಣನಿಗೂ ಹೇಳಿದ್ದೆ, ಈ ಸಲ ಸಂತೆಯ ಮೊಟ್ಟೆ ತರಬೇಡ, ನಾನು ನೋಡಿದ ಮೊಟ್ಟೆ ತಕ್ಕೊಂಡು ಹೋಗು ಅಂತ. ಆಯುಧಪೂಜೆಗೆ ಎರಡು ದಿನ ಮುಂಚೆ ನೀವೂ ಅಮ್ಮಾವರೂ ಮದ್ದೂರಿಗೆ ಹೊರಟಿರಿ, ಮಗಳ ಬಾಣಂತನಕ್ಕೆ. ಇದ್ದಿಲ ಗ್ಯಾಸಿನ ಬಸ್ಸು ಹೊರಡದೆ ನಿಂತಿದ್ದಾಗ ನೀವು ನಮಗೆ ಹೇಳಿದ್ದು ಇಷ್ಟೇ: ಪೂಜೆಗೆ ದುರ್ಬೀನಿಗೆ ಒಂದು ಹೂವಿಡಿ, ಸಾಕು, ಬೇರೆ ಏನೂ ಹಚ್ಚಬೇಡಿ. ಅದಕ್ಕೂ ಮುಂಚೆ ಅಡುಗೆಮನೆಯಲ್ಲಿ ಅಮ್ಮಾವರು ಅರಿಶಿನ ಕುಂಕುಮದ ಬಟ್ಟಲನ್ನು ನನ್ನ ಕೈಗೆ ಕೊಟ್ಟು ಹೋಗಿದ್ದರು. "ಬಾಗ್ಲಿಗೆ ನೀನೇ ಅಚ್ಚವ್ವ ಚಿಕ್ತಾಯಿ. ನಮ್ಮನೇಲಿ ಅಂತದ್ದೆಲ್ಲ ಏನಿಲ್ಲ."

ಆ ಬಟ್ಟಲು ಹಿಡಿದು ನಾನು ಎಷ್ಟು ಹೊತ್ತು ನಿಂತಿದ್ದೆನೋ. ಆರು ವರ್ಷದಿಂದ ನಾನು ಅರಿಶಿನ ಮುಟ್ಟಿರಲಿಲ್ಲ, ಮೇಷ್ಟ್ರೇ. ಮದುವೆ ಮನೆಯಲ್ಲಿ ಬಟ್ಟಲು ಸುತ್ತಿ ಬರುವಾಗ ನನ್ನನ್ನು ದಾಟಿ ಮುಂದಕ್ಕೆ ಹೋಗುತ್ತಿತ್ತು. ಪೂಜೆಯ ದಿನ ಬಾಗಿಲಿಗೆ ಹಚ್ಚಿದೆ, ಕಿಟಕಿಗೆ ಹಚ್ಚಿದೆ. ಕೈ ನಿಲ್ಲಲಿಲ್ಲ. ನಿಂಗನೂ ಮದ್ದೂರಿನ ಕಡೆಯ ಹುಡುಗನೂ ಹೂವು ತರುವುದಕ್ಕೆ ಹೋಗಿದ್ದರು. ಸಾಲಾಗಿ ಬೋರಲು ಹಾಕಿದ್ದ ಕುಟ್ಟಾಣಿಗಳನ್ನು ಒಂದೊಂದಾಗಿ ತಿರುಗಿಸಿ, ಹೊರಗೆ ಹಚ್ಚಿದರೆ ಅರ್ಧ ಪೂಜೆ ಎಂದುಕೊಂಡು ಒಳಗಡೆಯೇ ಹಚ್ಚಿದೆ. ನೀವು ಬೇಡ ಎಂದದ್ದು ನೆನಪಿರಲಿಲ್ಲವೇ? ಇತ್ತು. ಚೆನ್ನಾಗಿಯೇ ಇತ್ತು. ಆದರೆ...

ಮಾರನೇ ದಿನ ವಿಜಯದಶಮಿ. ಹಬ್ಬ ಎಂದು ಚಿಟ್ಟೆ ಕಾಯುವುದಿಲ್ಲ, ನೋಡಲೇಬೇಕಿತ್ತು. ಪೂಜೆ ಮಾಡಿದ್ದನ್ನು ಮಾರನೇ ದಿನವೇ ನೀರು ಹಾಕಿ ತೊಳೆಯುವುದು ಹೇಗೆ? ನಮ್ಮ ಕಡೆ ನೇಗಿಲಿಗೆ ಹಚ್ಚಿದ ಅರಿಶಿನವನ್ನು ಯಾರಾದರೂ ತೊಳೆಯುತ್ತಾರೆಯೇ? ಒಣಬಟ್ಟೆಯಲ್ಲಿ ಒರೆಸಿ ಕೆಲಸಕ್ಕೆ ಕೂತೆ. ಮೊದಲನೇ ಚಿಟ್ಟೆಯಲ್ಲಿ ಹೊಳೆಯುವ ಕಾಳು. ಎರಡನೆಯದರಲ್ಲೂ. ಹತ್ತನೆಯದರಲ್ಲೂ. ನಿಂಗನನ್ನು ಕರೆದು ತೋರಿಸಿದರೆ ಅವನೂ ಅವೇ ಎಂದ. ನಮ್ಮಣ್ಣನ ತಟ್ಟೆಗಳು ಕಣ್ಣ ಮುಂದೆ ಬಂದವು. ಇಷ್ಟೂ ಊರಿನ ತಟ್ಟೆಗಳು ಹಾಗಾದರೆ ಗತಿಯೇನು ಎಂದುಕೊಂಡೆ. ನೀವಿಲ್ಲ, ರೋಗ ಕಂಡರೆ ಅವತ್ತೇ ಸುಡಬೇಕು ಎಂಬುದು ನಿಯಮ. ಇದ್ದಷ್ಟೂ ಮೊಟ್ಟೆ ಕಾಗದವನ್ನು ಹಿತ್ತಲಿಗೆ ಹೊತ್ತುಕೊಂಡು ಹೋಗಿ ನಾನೇ ಬೆಂಕಿ ಹಚ್ಚಿದೆ.

ಮೊಟ್ಟೆ ತೆಗೆದುಕೊಂಡು ಹೋಗಲು ಅಣ್ಣ ಬಂದದ್ದೂ ಅದೇ ಹೊತ್ತಿಗೆ. ಸೊಪ್ಪು ಹದಕ್ಕೆ ಬಂದಿತ್ತು, ತಟ್ಟೆಗೆ ಸಗಣಿ ಸಾರಿಸಿ ಸಿದ್ಧ ಮಾಡಿಟ್ಟು ಬಂದಿದ್ದ. ಬೆಂಕಿ ನೋಡುತ್ತಾ ನಿಂತ. ನಾನು ರೋಗದ ವಿಷಯ ಹೇಳಿದೆ. ಅವನು ಜಗಳವಾಡಲಿಲ್ಲ, ಕೂಗಲಿಲ್ಲ. "ನೀ ಓದ್ ಕಡೇಗೆಲ್ಲ ಅದೂ ಬತ್ತದೆ ಕಣವ್ವ" ಎಂದು ಹೇಳಿ, ಟವೆಲು ಕೊಡವಿ ಹೆಗಲಿಗೆ ಹಾಕಿಕೊಂಡು ಹೊರಟುಹೋದ.

ಮರುದಿನ ನೀವು ಬಸ್ಸಿಳಿದು ನೇರ ಬಂದು, ನಾನು ಎತ್ತಿಟ್ಟಿದ್ದ ಗಾಜುಗಳನ್ನು ನೋಡಿದಿರಿ. ನೋಡುತ್ತಲೇ ಇದ್ದಿರಿ. ಆಮೇಲೆ ಅಡುಗೆಮನೆಗೆ ಹೋಗಿ, ಬೆರಳ ತುದಿಯಲ್ಲಿ ಚಿಟಿಕೆ ಅರಿಶಿನ ತಂದು, ಹನಿ ನೀರಿನಲ್ಲಿ ಕಲೆಸಿ, ಗಾಜಿನ ಮೇಲಿಟ್ಟು ನೋಡಿ ಎಂದಿರಿ. ಅವೇ ಕಾಳು. ಪಕ್ಕದಲ್ಲಿ ನಿಜವಾದ ಗಂಟುರೋಗದ ಹಳೆಯ ಗಾಜನ್ನಿಟ್ಟು ತೋರಿಸಿದಿರಿ. ಅದರ ಕಾಳು ಇದರ ಮುಂದೆ ಎಷ್ಟು ಸಣ್ಣದು. ಚೊಕ್ಕ ಮೊಟ್ಟೆಯನ್ನು ಸುಟ್ಟಿದ್ದೆ. ಊರೂರಿನ ಒಂದು ಬೆಳೆಯನ್ನೇ ಸುಟ್ಟಿದ್ದೆ. ಇನ್ನು ಇವತ್ತೇ ಗಂಟು ಕಟ್ಟು ಎನ್ನುತ್ತಾರೆ, ಮತ್ತೆ ಅದೇ ಹಟ್ಟಿ, ಅದೇ ಸೊಪ್ಪಿನ ಹೊರೆ, ವಿಧವೆ ಮುಟ್ಟಿದ್ದಕ್ಕೇ ಹೀಗಾಯಿತು ಎಂಬ ಅದೇ ಮಾತು. ಈ ಸಲ ಅದು ಸುಳ್ಳೂ ಅಲ್ಲವಲ್ಲ ಎಂದು ನನ್ನನ್ನು ನಾನೇ ಶಪಿಸಿಕೊಂಡೆ.

ನೀವು ಮೂವರನ್ನೂ ಕೂರಿಸಿಕೊಂಡು ಹೇಳಿದ ಮಾತನ್ನು ನಾನು ಒಂದಕ್ಷರ ಬಿಡದೆ ಇಟ್ಟುಕೊಂಡಿದ್ದೇನೆ. "ಅರಿಶಿನದಲ್ಲಿ ತಪ್ಪಿಲ್ಲ, ಹಚ್ಚಿದ ಕೈಯಲ್ಲೂ ತಪ್ಪಿಲ್ಲ ಕಣ್ರಪ್ಪ. ತೊಳೀದೇ ಇದ್ದದ್ದು ತಪ್ಪು. ಪೂಜೆ ಮಾಡಿದ್ರೂ ತೊಳೀಬೇಕು ಅಂತ ನಾನು ಹೇಳ್ಕೊಟ್ಟಿರ್ಲಿಲ್ಲ." ಯಾರು ಹಚ್ಚಿದ್ದು ಎಂದು ನೀವು ಕೇಳಲೇ ಇಲ್ಲ. ಕೇಳಿದ್ದರೆ ಹೇಳುತ್ತಿದ್ದೆನೇನೋ. ನಿಂಗ ನನ್ನ ಮುಖ ನೋಡಿದ, ನಾನು ನೆಲ ನೋಡಿದೆ. ನಿಮಗೆ ಗೊತ್ತಿತ್ತೇ, ಮೇಷ್ಟ್ರೇ? ಬಟ್ಟಲು ಯಾರ ಕೈಗೆ ಕೊಟ್ಟೆ ಎಂದು ಅಮ್ಮಾವರು ನಿಮಗೆ ಹೇಳಿಯೇ ಇರಬೇಕು. ಗೊತ್ತಿದ್ದೂ ಕೇಳಲಿಲ್ಲವೋ, ಕೇಳಿ ನನ್ನ ಬಾಯಲ್ಲಿ ಸುಳ್ಳು ಹೊರಡಿಸುವುದು ಬೇಡ ಎಂದುಕೊಂಡಿರೋ...

ರೈತರು ಅಂಗಳದ ತುಂಬ ಸೇರಿದ ದಿನ ನಾನು ಬಾಗಿಲ ಸಂದಿಯಿಂದ ನೋಡುತ್ತಿದ್ದೆ. ಹುಡುಗರ ಕೈಗೆ ಬಿಟ್ಟು ಹೋದವನು ನಾನು, ಸಾಮಾನು ಚೊಕ್ಕ ಮಾಡಿಸದೆ ಹೋದವನು ನಾನು, ಕೇಳುವುದಿದ್ದರೆ ನನ್ನನ್ನು ಕೇಳಿ ಎಂದು ಕೈ ಮುಗಿದಿರಿ. ಮೇಲಿನವರಿಗೂ ಹಾಗೆಯೇ ಬರೆದುಕೊಟ್ಟಿರಿ. ಆಮೇಲೆ ಎಲ್ಲೆಲ್ಲೋ ಅಲೆದು, ಬೇರೆ ಕಡೆಯಿಂದ ಚೊಕ್ಕ ಮೊಟ್ಟೆ ಹೊಂದಿಸಿ ತಂದು ಹಂಚಿದಿರಿ. ಬೆಳೆ ತಡವಾಯಿತು, ಆದರೆ ಬಂತು. ನಿಮಗೆ ಮಂಡ್ಯದಲ್ಲಿ ಬರಬೇಕಿದ್ದ ದೊಡ್ಡ ಹುದ್ದೆ ಮಾತ್ರ ಬರಲಿಲ್ಲ. ಅಮ್ಮಾವರು ಅದನ್ನು ಹೇಳಿದಾಗ ನೀವು ನಶ್ಯದ ಡಬ್ಬಿ ಹುಡುಕುತ್ತಾ, ಮಂಡ್ಯದಲ್ಲಿ ಸೊಳ್ಳೆ ಜಾಸ್ತಿ ಎಂದಿರಿ. ಮುಂದಿನ ವರ್ಷ ಚಳಿಜ್ವರ ಮಳವಳ್ಳಿಗೇ ಬಂದು ನಿಮ್ಮನ್ನು ಕರೆದುಕೊಂಡು ಹೋಯಿತು. ನಾಲ್ಕು ದಿನ ನಿಮ್ಮ ಹಾಸಿಗೆಯ ಪಕ್ಕದಲ್ಲೇ ಇದ್ದೆ, ನಾಲ್ಕು ದಿನವೂ ನಾಳೆ ಹೇಳುತ್ತೇನೆ ಎಂದುಕೊಂಡೆ.

ನೀವು ಹೋದ ಮೇಲಿನ ಸುದ್ದಿ ಬರೆಯುತ್ತೇನೆ. ನಿಂಗ ಈಗ ಕೊಪ್ಪದಲ್ಲಿ ಮರಿಹುಳು ಸಾಕಿ ಸುತ್ತಲ ಊರಿಗೆ ಕೊಡುತ್ತಾನೆ, ಸೋಗೆ ತೆಗೆದು ಹೆಂಚು ಹಾಕಿಸಿದ್ದಾನೆ. ಅವ್ವ ನನ್ನ ಜೊತೆ ಮಳವಳ್ಳಿಯಲ್ಲಿದ್ದಾಳೆ. ಯಾರ ಗದ್ದೆಯಲ್ಲೂ ಬಗ್ಗುವುದಿಲ್ಲ, ಮಧ್ಯಾಹ್ನ ಮಲಗಿ ಗೊರಕೆ ಹೊಡೆಯುವುದನ್ನು ಕಲಿತಿದ್ದಾಳೆ. ಆ ಗೊರಕೆ ಕೇಳುತ್ತಾ ಕೂರುವುದು ನನಗೆ ಎಷ್ಟು ಹಿತ ಎಂದು ನಿಮಗೆ ಹೇಗೆ ಹೇಳಲಿ? ಹೋದ ತಿಂಗಳು ನನಗೇ ಮೊಟ್ಟೆಮನೆಯಲ್ಲಿ ಕಲಿಸುವ ಕೆಲಸ ಕೊಟ್ಟರು. ಕಲಿಯಲು ಬಂದವರು ಆರು ಜನ, ಅದರಲ್ಲಿ ನಾಲ್ವರು ಹುಡುಗಿಯರು. ನಿಮ್ಮ ಹಾಗೆಯೇ ಕುಟ್ಟಾಣಿ ತೊಳೆಸಿ ತೊಳೆಸಿ ಅವರ ಪ್ರಾಣ ತಿನ್ನುತ್ತಿದ್ದೇನೆ.

ಹೋದ ವಾರ ಮೊಟ್ಟೆ ಹಂಚುವ ದಿನ, ರೈತರಲ್ಲಿ ಒಬ್ಬರು, ಹಳೇ ಮೇಷ್ಟ್ರು ದೇವರಂಥವರು, ಒಂದು ದಸರೆ ಮಾತ್ರ ಉದಾಸೀನ ಮಾಡಿ ನಮ್ಮ ಮೊಟ್ಟೆ ಸುಡಿಸಿಬಿಟ್ಟರು ಎಂದರು. ಸುಮ್ಮನೆ ಆಡಿದ ಮಾತು, ದ್ವೇಷವೇನಿಲ್ಲ. ಆದರೆ ನಿಮ್ಮ ಹೆಸರಿನ ಜೊತೆ ಅದು ಹೀಗೆಯೇ ಅಂಟಿಕೊಂಡಿರುತ್ತದಲ್ಲ ಎಂದು ನನಗೆ ತಡೆಯಲಾಗಲಿಲ್ಲ. ಕೆಲಸ ಬಂದು ಇನ್ನೂ ಒಂದು ತಿಂಗಳು, ಹೇಳಿದರೆ ಹೋಗಬಹುದು ಎಂದು ಗೊತ್ತಿತ್ತು. ಎದ್ದು ನಿಂತು ಎಲ್ಲ ಹೇಳಿದೆ. ಬೇಡ ಎಂದಿದ್ದರೂ ಹಚ್ಚಿದವಳು ನಾನು, ತೊಳೆಯದವಳು ನಾನು, ಬೆಂಕಿ ಇಟ್ಟವಳು ನಾನು, ಮೇಷ್ಟ್ರು ಅದನ್ನು ತಮ್ಮ ತಲೆಯ ಮೇಲೆ ಹಾಕಿಕೊಂಡರು ಎಂದೆ. ಯಾಕೆ ಹಚ್ಚಿದೆ ಎಂಬುದನ್ನೂ ಹೇಳಿದೆ. ಗಂಡಸರು ಎಲ್ಲೆಲ್ಲೋ ನೋಡಿದರು. ಕೊನೆಗೆ ನಮ್ಮಣ್ಣ ಮುಂದೆ ಬಂದ. ಕೈ ಚಾಚಿ, "ನನ್ ಮೊಟ್ಟೆ ಕೊಡವ್ವ, ಸೊಪ್ಪು ಬಲೀತಾ ಅದೆ" ಎಂದ. ಕಾಗದವನ್ನು ಬಟ್ಟೆಯಲ್ಲಿ ಸುತ್ತಿಕೊಂಡು, ಉಗಾದಿಗೆ ಹಟ್ಟಿಗೆ ಬಾ, ನೀನೇ ಒಳಗೆ ಬಂದು ತಟ್ಟೆ ನೋಡಬೇಕು ಎಂದು ಹೇಳಿ ಹೋದ. ಮಿಕ್ಕವರೂ ಒಬ್ಬೊಬ್ಬರಾಗಿ ಬಂದು ನನ್ನ ಕೈಯಿಂದಲೇ ತೆಗೆದುಕೊಂಡು ಹೋದರು. ಮೇಲಿನವರಿಗೂ ನಡೆದದ್ದನ್ನು ಬರೆದು ಕಳಿಸಿದ್ದೇನೆ. ಅವರ ಉತ್ತರ ಇನ್ನೂ ಬಂದಿಲ್ಲ. ಏನೇ ಬರಲಿ, ನೀವು ಕಲಿಸಿದ್ದನ್ನು ಯಾರೂ ನನ್ನ ಕೈಯಿಂದ ವಾಪಸು ಪಡೆಯಲಾರರು.

ನಿಮಗೆ ತಿಳಿಸಬೇಕೆಂದು ಈ ಕಾಗದ ಹಿಡಿದದ್ದು ಮಾರನೇ ದಿನದ ಸುದ್ದಿಗೆ. ಕಲಿಯುವವರಲ್ಲಿ ಸಣ್ಣಮ್ಮ ಎಂಬ ಹುಡುಗಿ ಇದ್ದಾಳೆ, ಮುತ್ತತ್ತಿ ಕಾಡಿನಂಚಿನ ಊರಿನವಳು. ಅಪ್ಪ ಇಲ್ಲ, ತಾಯಿ ಸೌದೆ ಹೊತ್ತು ಮಾರುತ್ತಾಳೆ. ಸಾಯಂಕಾಲ ಎಲ್ಲರೂ ಹೋದ ಮೇಲೆ ಅವಳು ಮಾತ್ರ ಉಳಿದು, ಕಂಬ ಹಿಡಿದುಕೊಂಡು ನಿಂತಿದ್ದಳು. ಏನು ಎಂದರೆ ಅಳು. ಹಿಂದಿನ ದಿನ ಎರಡು ಸಾಲು ಚಿಟ್ಟೆಗೆ ನಂಬರು ಅದಲು ಬದಲು ಹಾಕಿಬಿಟ್ಟಿದ್ದಳಂತೆ. ಒಂದು ಸಾಲಿನಲ್ಲಿ ರೋಗ ಕಂಡು ನಾವು ಸುಟ್ಟಿದ್ದು ಚೊಕ್ಕ ಮೊಟ್ಟೆ, ರೋಗದ್ದು ಇನ್ನೂ ಗೂಟದಲ್ಲಿ ನೇತಾಡುತ್ತಿತ್ತು. ಮರುದಿನ ಯಾರದೋ ತಟ್ಟೆಗೆ ಹೋಗಬೇಕಾದದ್ದು. ಅವಳು ಹೇಳದಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ, ಮೇಷ್ಟ್ರೇ. ನಾನೂ ಕೇಳಿರಲಿಲ್ಲ.

"ನಾಳಿಂದ ಬರ್ಬ್ಯಾಡ ಅಂತೀರಾ ಅಕ್ಕ?" ಎಂದಳು.

ಆ ಸಾಲನ್ನು ಇಬ್ಬರೂ ಹಿತ್ತಲಿಗೆ ತೆಗೆದುಕೊಂಡು ಹೋಗಿ ಸುಟ್ಟೆವು. ಬೂದಿ ಆರುವ ತನಕ ಅವಳ ಪಕ್ಕದಲ್ಲೇ ನಿಂತಿದ್ದೆ. ನಾಳೆ ಒಂದು ಗಳಿಗೆ ಮುಂಚೆ ಬಾ, ನಂಬರು ಹಾಕುವುದನ್ನು ಮೊದಲಿನಿಂದ ಹೇಳಿಕೊಡುತ್ತೇನೆ ಎಂದೆ. ತಪ್ಪು ಮಾಡಿದೆ ಎಂದು ಬಾಯಿಬಿಟ್ಟ ಯಾವ ಮಗುವನ್ನೂ ನಾನು ಈ ಬಾಗಿಲಿನಿಂದ ವಾಪಸು ಕಳಿಸುವುದಿಲ್ಲ, ಇದು ನಿಮಗೆ ನನ್ನ ಮಾತು. ಬೆಳಿಗ್ಗೆ ಬೀಗದಕೈ ಹಿಡಿದು ನಾನು ಬರುವಷ್ಟರಲ್ಲಿ ಸಣ್ಣಮ್ಮ ಬಂದು ನಿಂತಿದ್ದಳು.

ನಿಮ್ಮ
ಚಿಕ್ಕತಾಯಿ